ಚಕ್ಕೆ, ಕಿಟ್ಟ, ಅಲಗು



1842ರಲ್ಲಿ ಪ್ರಿಮ್‌ರೋಸ್ ಎಂಬ ವೈದ್ಯರು ಇದೇ ಲಿಂಗಸುಗೂರಿನಲ್ಲಿ ಕಲ್ಲಿನ ಚಾಕುಗಳನ್ನೂ ಬಾಣದ ಮೊನೆಗಳನ್ನೂ ಕಂಡರು. ಭಾರತದ ಪ್ರಾಗಿತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಶುರುವಾಗುವುದು 1863ರಿಂದ. ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಕೈಗೊಡಲಿಯೊಂದನ್ನು ಗುರುತಿಸಿದ ವರ್ಷ ಅದು. ಅದಕ್ಕೂ ಎರಡು ದಶಕ ಮೊದಲು ನಮ್ಮ ಊರಿನ ಆಸುಪಾಸಿನ ಕಲ್ಲುಗಳು ಒಬ್ಬ ವೈದ್ಯನ ಕಣ್ಣಿಗೆ ಬಿದ್ದಿದ್ದವು. ಫೂಟ್ ಕೂಡ ಮಸ್ಕಿಗೆ ಬಂದವರೇ. ಅವರ ನಂತರ, 1915ರಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡರು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ನಿಶ್ಚಯವಾದದ್ದು ಆ ಶಾಸನದಿಂದ. ಮಸ್ಕಿಯ ಹೆಸರು ಜಗತ್ತಿಗೆ ತಿಳಿಯಿತು. ಆದರೆ ಆ ಬಂಡೆಯ ಸುತ್ತಮುತ್ತ ನೆಲದಲ್ಲಿ ಬಿದ್ದಿದ್ದ ಕಲ್ಲಿನ ಚಕ್ಕೆಗಳು ಶಾಸನದ ನೆರಳಿನಲ್ಲೇ ಉಳಿದವು.

ನಾನು ಇಂದು ಆ ಚಕ್ಕೆಗಳ ಪರವಾಗಿ ಮಾತಾಡಲು ಬಂದಿದ್ದೇನೆ. ಈ ಆಯುಧ ಯಾವ ಕಾಲದ್ದು, ಯಾವ ಜನರದ್ದು ಎಂದು ಇತಿಹಾಸಕಾರರು ಕೇಳುತ್ತ ಬಂದಿದ್ದಾರೆ. ಎಂಜಿನಿಯರಿಂಗ್ ಓದಿದವರು ಕೇಳಬೇಕಾದ ಪ್ರಶ್ನೆ ಬೇರೆ: ಇದನ್ನು ಹೇಗೆ ಮಾಡಿದರು? ಎಷ್ಟು ಬಲ, ಎಷ್ಟು ಶಾಖ, ಯಾವ ಕ್ರಮ? ಈ ಪ್ರಶ್ನೆಯನ್ನು ಹಿಡಿದು ಹೋದಾಗ ಒಂದು ಸಂಗತಿ ಎದುರಾಗುತ್ತದೆ. ಸಿದ್ಧವಾದ ಆಯುಧ ತನ್ನ ತಯಾರಿಕೆಯ ಗುರುತನ್ನು ಬಹುಪಾಲು ಅಳಿಸಿಕೊಂಡಿರುತ್ತದೆ. ಕಲ್ಲಿನ ಕೊಡಲಿಯನ್ನು ಉಜ್ಜಿ ನಯ ಮಾಡಿದಾಗ ಅದನ್ನು ಕೆತ್ತಿದ ಗಾಯಗಳು ಮಾಯವಾಗುತ್ತವೆ. ಕಬ್ಬಿಣವನ್ನು ಕಾಸಿ ಬಡಿದಾಗ ಅದರ ಮೊದಲಿನ ರೂಪ ಹೋಗುತ್ತದೆ. ತಯಾರಿಕೆಯ ಲೆಕ್ಕ ಉಳಿಯುವುದು ಕಸದಲ್ಲಿ, ಅಂದರೆ ಉದುರಿದ ಚಕ್ಕೆಯಲ್ಲಿ, ಚಕ್ಕೆ ಸುಲಿದಾದ ಮೇಲೆ ಬಿಸಾಡಿದ ತಿರುಳುಗಲ್ಲಿನಲ್ಲಿ, ಕುಲುಮೆಯಿಂದ ಹರಿದ ಕಿಟ್ಟದಲ್ಲಿ. ವಸ್ತುಸಂಗ್ರಹಾಲಯ ಅಲಗನ್ನು ಕಾಪಾಡುತ್ತದೆ. ಕಸ ಇರುವುದು ನಮ್ಮ ಹೊಲಗಳಲ್ಲಿ, ಅದನ್ನು ಕಾಯುವವರು ಯಾರೂ ಇಲ್ಲ.

ಮೊದಲು ಕಲ್ಲಿನ ಅಲಗನ್ನೇ ತೆಗೆದುಕೊಳ್ಳೋಣ. 1954ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ಮಾಡಿದರು. ತೀರ ಕೆಳಗಿನ ಪದರಗಳಲ್ಲಿ, ನವಶಿಲಾಯುಗ ಮತ್ತು ತಾಮ್ರಶಿಲಾಯುಗದ ವಸತಿಯಲ್ಲಿ, ಎರಡೂ ಅಂಚು ಒಂದಕ್ಕೊಂದು ಸಮಾನಾಂತರವಾಗಿರುವ ಉದ್ದುದ್ದ ಅಲಗುಗಳು ಸಿಕ್ಕವು. ಅವನ್ನು ಸುಲಿದು ತೆಗೆದ ತಿರುಳುಗಲ್ಲುಗಳೂ ಸಿಕ್ಕವು. ತಿರುಳುಗಲ್ಲಿನ ಮೈಮೇಲೆ ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲಾಗಿ ಉದ್ದನೆಯ ಗೀರುಗಳಿರುತ್ತವೆ. ಒಂದೊಂದು ಗೀರೂ ಅಲ್ಲಿಂದ ಒಂದೊಂದು ಅಲಗು ಕಳಚಿಹೋದ ಜಾಗ.

ಕೈಗೆ ಸಿಕ್ಕ ಕಲ್ಲನ್ನು ಇನ್ನೊಂದು ಕಲ್ಲಿನಿಂದ ಹೊಡೆದರೆ ಹೀಗೆ ಬರುವುದಿಲ್ಲ. ಚರ್ಟ್, ಅಗೇಟ್ ಮುಂತಾದ ಸಿಲಿಕಾ ಕಲ್ಲುಗಳ ಒಳಗೆ ಸೀಳಿಗೆ ಮೊದಲೇ ಹಾಕಿಟ್ಟ ದಾರಿ ಇಲ್ಲ. ಬಿರುಕು ಎತ್ತ ಬೇಕಾದರೂ ಓಡಬಹುದು. ಅದನ್ನು ನೇರವಾಗಿ ಓಡಿಸಲು ಆ ಜನ ಒಂದು ಉಪಾಯ ಮಾಡಿದರು. ಕಲ್ಲಿನ ಒಂದು ಅಂಚಿನಲ್ಲಿ ಆಚೆಗೊಂದು ಈಚೆಗೊಂದು ಸಣ್ಣ ಚಕ್ಕೆ ಎಬ್ಬಿಸುತ್ತ ಹೋಗಿ, ಮೇಲಿಂದ ಕೆಳಗೆ ಹಲ್ಲು ಹಲ್ಲಾದ ಒಂದು ಏಣನ್ನು ಮಾಡಿಕೊಂಡರು. ಆಮೇಲೆ ಆ ಏಣಿನ ತುದಿಯಲ್ಲಿ ಒತ್ತು ಕೊಟ್ಟರು. ಬಿರುಕು ಏಣಿನ ಕೆಳಗೇ ಓಡಿ, ಏಣು ಸಮೇತ ಮೊದಲ ಅಲಗು ಕಳಚಿತು. ಅದರ ಅಡ್ಡಕೊಯ್ತ ತ್ರಿಕೋನ. ಅದು ಹೋದ ಜಾಗದ ಎರಡೂ ಪಕ್ಕ ಹೊಸ ಏಣುಗಳು ಹುಟ್ಟಿದವು. ಮುಂದಿನ ಅಲಗು ಅವನ್ನು ಹಿಡಿದು ಬಂತು, ಮತ್ತೂ ಎರಡು ಏಣು ಬಿಟ್ಟುಹೋಯಿತು. ಒಂದು ಸಲ ಸಾಲು ಕೂತರೆ ಒಂದೇ ತಿರುಳುಗಲ್ಲಿನಿಂದ ಒಂದೇ ಅಳತೆಯ ಅಲಗುಗಳು ಒಂದರ ಹಿಂದೊಂದು ಬರುತ್ತವೆ. ಈ ತಂತ್ರವನ್ನು ಭಾರತದ ಮಟ್ಟಿಗೆ ಬಿಡಿಸಿ ಹೇಳಿದವರಲ್ಲಿ ಬಿ. ಸುಬ್ಬರಾವ್ ಮುಖ್ಯರು. ನಮ್ಮ ನೆರೆಯ ಬಳ್ಳಾರಿಯ ಶಿಲಾಯುಗದ ಮೇಲೆ 1948ರಲ್ಲಿ ಪುಸ್ತಕ ಪ್ರಕಟಿಸಿದ್ದ ಅವರು, ನರ್ಮದೆಯ ದಂಡೆಯ ಮಹೇಶ್ವರದ ಅಲಗುಗಳನ್ನು ಪರಿಶೀಲಿಸುತ್ತ ಇದನ್ನು ವಿವರಿಸಿದರು.

ಇದರಲ್ಲಿರುವ ಎಂಜಿನಿಯರಿಂಗ್ ನೋಡಿ. ಗಾಜು ಲೆಕ್ಕದಲ್ಲಿ ಬರುವುದಕ್ಕಿಂತ ಎಷ್ಟೋ ಕಡಿಮೆ ಬಲಕ್ಕೆ ಏಕೆ ಒಡೆಯುತ್ತದೆ ಎಂಬ ಪ್ರಶ್ನೆಗೆ ಎ.ಎ. ಗ್ರಿಫಿತ್ 1921ರಲ್ಲಿ ಉತ್ತರ ಕೊಟ್ಟರು. ವಸ್ತುವಿನಲ್ಲಿ ಮೊದಲೇ ಇರುವ ಕಣ್ಣಿಗೆ ಕಾಣದ ಬಿರುಕುಗಳ ತುದಿಯಲ್ಲಿ ಒತ್ತಡ ಕೂಡಿಕೊಳ್ಳುತ್ತದೆ. ಬಿರುಕು ಬೆಳೆದರೆ ಬಿಡುಗಡೆಯಾಗುವ ಶಕ್ತಿ, ಹೊಸ ಮೈಯನ್ನು ಹುಟ್ಟಿಸಲು ಬೇಕಾದ ಶಕ್ತಿಗೆ ಸರಿದೂಗಿದ ಕ್ಷಣ ಬಿರುಕು ಓಡುತ್ತದೆ. ಇದನ್ನೇ ಕಲ್ಲಿನ ಆಯುಧಗಳಿಗೆ ಹಚ್ಚಿ ನೋಡಿದವರು ಬ್ರಯಾನ್ ಕಾಟರೆಲ್ ಮತ್ತು ಯೋಹಾನ್ ಕಮಿಂಗಾ. ಚಕ್ಕೆಗಳು ಹುಟ್ಟುವ ಬಗೆಯ ಮೇಲೆ 1987ರಲ್ಲಿ ಬಂದ ಅವರ ಲೇಖನವನ್ನು ಮೆಕ್ಯಾನಿಕಲ್ ವಿದ್ಯಾರ್ಥಿಗಳು ಓದಲೇಬೇಕು. ತೆಳ್ಳನೆಯ ಅಲಗು ಕಳಚುವಾಗ ಅದು ತುಸು ಬಾಗುತ್ತದೆ. ಬಾಗು ಹೆಚ್ಚಾದರೆ ಬಿರುಕು ಹೊರಗೆ ತಿರುಗಿ ಅಲಗು ಅರ್ಧಕ್ಕೇ ಮುರಿಯುತ್ತದೆ, ಆ ಜಾಗದಲ್ಲಿ ದುಂಡನೆಯ ಮೆಟ್ಟಿಲು ಉಳಿಯುತ್ತದೆ. ಒತ್ತು ಒಳಮುಖವಾದರೆ ಬಿರುಕು ತಿರುಳಿನೊಳಗೆ ಧುಮುಕಿ ತಿರುಳುಗಲ್ಲೇ ಹಾಳಾಗುತ್ತದೆ. ಇವೆರಡರ ನಡುವಿನ ಸಣ್ಣ ಅವಕಾಶದಲ್ಲಿ ಬಿರುಕು ಮೇಲ್ಮೈಗೆ ಸಮಾನಾಂತರವಾಗಿ ಓಡುತ್ತದೆ. ಏಣು ಆ ಅವಕಾಶವನ್ನು ಹಿಗ್ಗಿಸುತ್ತದೆ. ಅಲಗಿನ ನಡುಬೆನ್ನು ದಪ್ಪವಾಗಿದ್ದರೆ ಅದು ಬಾಗುವುದು ಕಡಿಮೆ. ತೊಲೆಯ ಬಿಗಿತದ ಸೂತ್ರ ಗೊತ್ತಿಲ್ಲದ ಕೈಗೆ ಆ ಬಿಗಿತದ ಅನುಭವ ಪೂರ್ತಿ ಇತ್ತು.

ಅಲಗನ್ನು ಹೊಡೆದು ತೆಗೆದರೋ, ಕೊಂಬು ಅಥವಾ ಲೋಹದ ಮೊನೆಯಿಂದ ಒತ್ತಿ ತೆಗೆದರೋ ಎಂದು ಪರೀಕ್ಷಿಸಲೂ ದಾರಿಯಿದೆ. ಒಡೆದ ಮೈಯನ್ನು ಓರೆ ಬೆಳಕಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ನವಿರಾದ ಬಾಗುಗೆರೆಗಳು ಕಾಣಬಹುದು. 1939ರಲ್ಲಿ ಗಾಜಿನ ಮೇಲೆ ಅವನ್ನು ವಿವರಿಸಿದ ವಾಲ್ನರ್ ಹೆಸರಿನಿಂದ ಅವು ವಾಲ್ನರ್ ಗೆರೆಗಳು. ಓಡುತ್ತಿರುವ ಬಿರುಕಿನ ಅಂಚನ್ನು, ಕಲ್ಲಿನೊಳಗೆ ಹರಡುವ ಸ್ಥಿತಿಸ್ಥಾಪಕ ಅಲೆ ದಾಟಿದಾಗ ಅವು ಮೂಡುತ್ತವೆ. ಎರಡು ಗೆರೆ ಕೂಡುವ ಕೋನ ಅಳೆದರೆ, ಆ ಅಲೆಯ ವೇಗದ ಎಷ್ಟನೇ ಪಾಲಿನಲ್ಲಿ ಬಿರುಕು ಓಡಿತು ಎಂದು ಲೆಕ್ಕ ಹಾಕಬಹುದು. ನಿಧಾನದ ಒತ್ತಿಗೂ ರಭಸದ ಹೊಡೆತಕ್ಕೂ ಬಿರುಕಿನ ವೇಗ ಒಂದೇ ಅಲ್ಲ. ಅಲಗಿನ ಬುಡದ ಉಬ್ಬು, ಏಟು ಬಿದ್ದ ಜಾಗದ ಅಗಲ, ಅಲಗಿನ ನೇರತನ ಇವನ್ನೂ ಸೇರಿಸಿ ನೋಡಬೇಕು, ಒಂದೇ ಗುರುತನ್ನು ನಂಬಬಾರದು. ಆದರೂ ಸಾವಿರಾರು ವರ್ಷಗಳ ಹಿಂದೆ ಕ್ಷಣಮಾತ್ರದಲ್ಲಿ ಮುಗಿದುಹೋದ ಒಂದು ಬಿರುಕಿನ ವೇಗ ಇಂದಿಗೂ ಆ ಕಲ್ಲಿನ ಮೈಮೇಲೆ ಬರೆದಿದೆ ಎಂಬುದು ನನ್ನನ್ನು ಬೆರಗುಗೊಳಿಸುತ್ತದೆ.

ಆ ಅಲಗು ಏನು ಕೊಯ್ಯಿತು ಎಂಬುದೂ ತಿಳಿಯುತ್ತದೆ. ರಷ್ಯಾದ ಸೆರ್ಗೆಯ್ ಸೆಮ್ಯೊನೊವ್ 1957ರ ತಮ್ಮ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಲ್ಲಿ ಕಾಣುವ ಸವೆತದಿಂದ ಆಯುಧದ ಬಳಕೆಯನ್ನು ಓದುವ ದಾರಿ ತೋರಿಸಿದರು. ಹುಲ್ಲಿನ ಜಾತಿಯ ದಂಟಿನಲ್ಲಿ ಸಿಲಿಕಾ ಇರುತ್ತದೆ. ಅದನ್ನು ಕೊಯ್ದು ಕೊಯ್ದು ಕಲ್ಲಿನ ಅಂಚು ಮಿರುಗುತ್ತದೆ. ದಕ್ಷಿಣದ ನವಶಿಲಾಯುಗದ ಜನ ಬೆಳೆದ ಮುಖ್ಯ ಧಾನ್ಯಗಳಲ್ಲಿ ಕೊರಲೆ ಇತ್ತು, ಜೊತೆಗೆ ಹುರುಳಿ, ಹೆಸರು ಇದ್ದವು ಎಂದು ಡೋರಿಯನ್ ಫುಲ್ಲರ್ ಮತ್ತಿತರರು ಸುಟ್ಟ ಕಾಳುಗಳಿಂದ ತೋರಿಸಿದ್ದಾರೆ. ಕೊರಲೆಯ ದಂಟು ಕೊಯ್ದ ಅಲಗು ಮಿರುಗಬೇಕು, ಹುರುಳಿ ಬಳ್ಳಿ ಕಿತ್ತ ಕೈಗೆ ಅಲಗಿನ ಅಗತ್ಯವೇ ಕಡಿಮೆ. ಬೆಳೆಯ ಚರಿತ್ರೆಯೂ ಅಲಗಿನ ಚರಿತ್ರೆಯೂ ಹೀಗೆ ಒಂದರೊಳಗೊಂದು ಹೆಣೆದುಕೊಂಡಿವೆ.

ಕಲ್ಲು ಎಲ್ಲಿಂದ ಬಂತು? ಮಸ್ಕಿಯ ಸುತ್ತ ಇರುವುದು ಗ್ರಾನೈಟು, ನೈಸು, ಹಟ್ಟಿ-ಮಸ್ಕಿ ಪಟ್ಟಿಯ ಶಿಸ್ಟು. ಒಳ್ಳೆಯ ಚರ್ಟ್ ಇರುವುದು ಕೃಷ್ಣೆಯ ಆಚೆ, ಭೀಮಾ ಕೊಳ್ಳದ ಸುಣ್ಣಗಲ್ಲಿನ ನಡುವೆ. ಅಗೇಟು ಹುಟ್ಟುವುದು ದಖ್ಖನಿನ ಕಪ್ಪುಶಿಲೆಯ ಪೊಟರೆಗಳಲ್ಲಿ, ಅಲ್ಲಿಂದ ಹೊಳೆಯ ಗರಸಿನೊಡನೆ ಬರುತ್ತದೆ. ಹಾಗಾಗಿ ಮಸ್ಕಿಯ ಕುಶಲಕರ್ಮಿಗೆ ಕಲ್ಲು ಬಿಟ್ಟಿ ಸಿಗುತ್ತಿರಲಿಲ್ಲ. ಒಂದು ತಿರುಳುಗಲ್ಲಿನಿಂದ ಹೆಚ್ಚು ಅಲಗು ತೆಗೆಯುವ ಈ ಮಿತವ್ಯಯದ ತಂತ್ರಕ್ಕೆ ದೂರದಿಂದ ಬರುವ ಕಲ್ಲಿನ ಬೆಲೆಯೇ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಕೊಡಲಿಯ ಕಥೆ ಬೇರೆ. ಅದಕ್ಕೆ ಬೇಕಾದ ಡಾಲರೈಟ್ ಎಂಬ ಕರಿಗಲ್ಲಿನ ಪಟ್ಟೆಗಳು ನಮ್ಮ ಸೀಮೆಯ ಗುಡ್ಡಗಳನ್ನು ಸೀಳಿಕೊಂಡು ಹೋಗಿವೆ. ಬಳ್ಳಾರಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಇಡೀ ಕೊಡಲಿ ಕಾರ್ಖಾನೆಯೇ ಇತ್ತು. ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್, ಆಡಂ ಬ್ರಂ ಮೊದಲಾದವರು ಅಲ್ಲಿನ ಚಕ್ಕೆರಾಶಿಯನ್ನು ಪರಿಶೀಲಿಸಿ ತಯಾರಿಕೆಯ ಹಂತಗಳನ್ನು ಗುರುತಿಸಿದರು. ಪಟ್ಟೆಯಿಂದ ಕಲ್ಲು ಎಬ್ಬಿಸುವುದು, ಒರಟಾಗಿ ಕೆತ್ತುವುದು, ಕುಟ್ಟಿ ಏರುತಗ್ಗು ಸರಿಮಾಡುವುದು, ಕೊನೆಗೆ ಬಂಡೆಯ ಮೇಲೆ ಉಜ್ಜುವುದು. ಡಾಲರೈಟಿನಲ್ಲಿ ಖನಿಜದ ಹರಳುಗಳು ಒಂದರೊಳಗೊಂದು ಹೆಣೆದು ಕೂತಿರುವುದರಿಂದ ಅದು ಚರ್ಟಿನಂತೆ ಸುಲಭಕ್ಕೆ ಸೀಳುವುದಿಲ್ಲ. ಮರಕ್ಕೆ ಮತ್ತೆ ಮತ್ತೆ ಬೀಳುವ ಏಟನ್ನು ತಾಳುವ ಗುಣ ಅದಕ್ಕೆ ಬಂದದ್ದು ಅಲ್ಲಿಂದ. ಉಜ್ಜುವುದು ಅಂದಕ್ಕಾಗಿ ಮಾತ್ರ ಅಲ್ಲ. ಕೆತ್ತಿದ ಅಂಚಿನ ಒಂದೊಂದು ಹಲ್ಲೂ ಹೊಸ ಬಿರುಕು ಹುಟ್ಟುವ ಜಾಗ. ಉಜ್ಜಿದಾಗ ಆ ಹಲ್ಲುಗಳು ಹೋಗುತ್ತವೆ, ಕೊಡಲಿಯ ಬಾಯಿ ಚಕ್ಕೆ ಏಳದೆ ಬಾಳುತ್ತದೆ. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ 1950ರ ದಶಕದ ಮೊದಲಲ್ಲಿ ರೇಮಂಡ್ ಆಲ್ಚಿನ್ ಅಗೆದು 1960ರಲ್ಲಿ ವರದಿ ತಂದರು. ಅದನ್ನು ಎಂಜಿನಿಯರುಗಳು ಈ ದೃಷ್ಟಿಯಿಂದ ಮತ್ತೆ ತೆರೆದು ನೋಡಬೇಕು.

ನಮ್ಮ ಜಿಲ್ಲೆಯ ಕಲ್ಲೂರಿನಲ್ಲಿ ನಿಜಾಮರ ಕಾಲದಲ್ಲಿ ಸಿಕ್ಕ ತಾಮ್ರದ ಕತ್ತಿಗಳನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ. ಹಿಡಿಯ ತುದಿ ಎರಡು ಕವಲಾಗಿ ಒಡೆದ ಅಂಥ ಕತ್ತಿಗಳು ಗಂಗಾ ಬಯಲಿನ ತಾಮ್ರದ ನಿಧಿಗಳಲ್ಲಿ ಹೆಚ್ಚು. ಅವನ್ನು ಅಚ್ಚಿನಲ್ಲಿ ಎರೆದು ಬಿಟ್ಟರೋ, ಎರೆದಾದ ಮೇಲೆ ಬಾಯಿಯನ್ನು ತಣ್ಣಗೇ ಬಡಿದು ಗಡುಸು ಮಾಡಿದರೋ ಎಂಬುದನ್ನು ಲೋಹದ ಹರಳುಗಳ ಆಕಾರ ಹೇಳಬಲ್ಲದು. ಬಡಿದ ತಾಮ್ರದಲ್ಲಿ ಹರಳುಗಳು ಚಪ್ಪಟೆಯಾಗಿ ಉದ್ದವಾಗಿರುತ್ತವೆ. ಬಡಿಯದ ಬಾಯಿ ಯುದ್ಧಕ್ಕೆ ಬಾರದು.

ಇನ್ನು ಕಬ್ಬಿಣ. ಮಸ್ಕಿಯಲ್ಲಿ ನವಶಿಲಾಯುಗದ ಪದರದ ಮೇಲೆ ಬೃಹತ್ ಶಿಲಾಯುಗದ ಪದರ, ಅದರೊಡನೆ ಕಬ್ಬಿಣ ಬರುತ್ತದೆ. ಆಂಡ್ರ್ಯೂ ಬಾವರ್ ಮತ್ತು ಪೀಟರ್ ಯೊಹಾನ್ಸೆನ್ ಅವರ ತಂಡ ಈಚಿನ ವರ್ಷಗಳಲ್ಲಿ ಮಸ್ಕಿಯ ಸುತ್ತಲ ಸೀಮೆಯನ್ನು ಹೆಜ್ಜೆ ಹೆಜ್ಜೆಗೂ ಸಮೀಕ್ಷೆ ಮಾಡಿದೆ. ಮಸ್ಕಿಯ ಮೊಟ್ಟಮೊದಲ ರೇಡಿಯೋ ಇಂಗಾಲ ಕಾಲಮಾನಗಳು ಪ್ರಕಟವಾದದ್ದು 2015ರಲ್ಲಿ, ಅವರಿಂದಲೇ. ಅಷ್ಟು ಹೆಸರಾಂತ ನೆಲೆಗೆ ಅಷ್ಟು ತಡವಾಗಿ!

ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸಿನಲ್ಲಿ. ಇದ್ದಿಲು, ಮಣ್ಣಿನ ಒಲೆ, ತಿದಿ ಇಷ್ಟರಲ್ಲಿ ಅಷ್ಟು ಶಾಖ ಹುಟ್ಟಿಸುವುದು ಕಷ್ಟ. ಅದಿರಿನ ಕಲ್ಮಷವನ್ನು ಕರಗಿಸಲು ಮಾತ್ರ 1200 ಡಿಗ್ರಿಯ ಆಸುಪಾಸು ಸಾಕು. ಅದು ಕಬ್ಬಿಣದ ಸಿಲಿಕೇಟಾಗಿ ನೀರಿನಂತೆ ಹರಿದುಹೋಗುತ್ತದೆ, ಅದೇ ಕಿಟ್ಟ. ಕಬ್ಬಿಣ ಕರಗದೆ, ರಂಧ್ರ ರಂಧ್ರವಾದ ಮುದ್ದೆಯಾಗಿ ಉಳಿಯುತ್ತದೆ. ಕೆಂಪಗೆ ಕಾಸಿ ಬಡಿದು ಬಡಿದು ಅದರೊಳಗಿನ ಕಿಟ್ಟವನ್ನು ಹಿಂಡಿ ತೆಗೆಯಬೇಕು. ಕಿಟ್ಟದ ಒಂದು ತುಂಡನ್ನು ಕೊಯ್ದು ನಯ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಲೆಯ ಶಾಖ, ಗಾಳಿಯ ಪ್ರಮಾಣ, ಅದಿರಿನ ಗುಣ, ಎಷ್ಟು ಕಬ್ಬಿಣ ಕಿಟ್ಟದ ಪಾಲಾಗಿ ನಷ್ಟವಾಯಿತು ಎಂಬುದೆಲ್ಲ ಹೊರಬರುತ್ತದೆ. ಅದಿರು ಕಾಯಿಸಿದ ಕಿಟ್ಟವೂ ಕಮ್ಮಾರಸಾಲೆಯಲ್ಲಿ ಬಿದ್ದ ಕಿಟ್ಟವೂ ಬೇರೆ ಬೇರೆ. ಬಡಿಯುವಾಗ ಹಾರುವ ತೆಳು ಹೊಪ್ಪಳಿಕೆಗಳು ಅಯಸ್ಕಾಂತಕ್ಕೆ ಅಂಟುತ್ತವೆ. ಹಳೆಯ ನೆಲದ ಮಣ್ಣಿನಲ್ಲಿ ಅಯಸ್ಕಾಂತ ಆಡಿಸಿದರೆ ಅಡಿಗಲ್ಲು ಎಲ್ಲಿತ್ತು, ಕಮ್ಮಾರ ಎಲ್ಲಿ ಕೂತಿದ್ದ ಎಂಬುದನ್ನೂ ಗುರುತಿಸಬಹುದು. ಅಲಗು ಇದನ್ನು ಎಂದಿಗೂ ಹೇಳಲಾರದು.

ಅಲಗು ಹೇಳುವುದು ಇಂಗಾಲದ ಮಾತು. 1860ರ ದಶಕದಲ್ಲಿ ಶೆಫೀಲ್ಡಿನ ಹೆನ್ರಿ ಸೋರ್ಬಿ ಉಕ್ಕನ್ನು ಕನ್ನಡಿಯಂತೆ ನಯ ಮಾಡಿ, ಆಮ್ಲ ತಾಗಿಸಿ, ಅದರ ಒಳರಚನೆಯನ್ನು ಮೊದಲ ಬಾರಿಗೆ ಕಂಡರು. ಇಂಗಾಲ ಶೇಕಡಾ 0.8ರ ಸಮೀಪವಿದ್ದು ನಿಧಾನವಾಗಿ ಆರಿದರೆ ಒಳಗೆ ಸಾಲು ಸಾಲು ಪದರಗಳಾಗುತ್ತವೆ. ಕಾಸಿ ನೀರಿಗೆ ಅದ್ದಿದರೆ ಸೂಜಿಯಂಥ ರಚನೆಯಾಗಿ ಬಹಳ ಗಡುಸಾಗುತ್ತದೆ, ಸುಲಭವಾಗಿ ಮುರಿಯುವಂತೆಯೂ ಆಗುತ್ತದೆ. ಸಿಂಧನೂರಿನಿಂದ ಗಂಗಾವತಿಯ ದಾರಿ ಹಿಡಿದರೆ ತುಂಗಭದ್ರೆಯ ದಂಡೆಯಲ್ಲಿ ಕಡೇಬಾಗಿಲು ಎಂಬ ಊರಿದೆ. ಅಲ್ಲಿ ಕಾರ್ಲಾ ಸಿನೊಪೊಲಿ, ಕ್ಯಾಥಲೀನ್ ಮಾರಿಸನ್, ಆರ್. ಗೋಪಾಲ್ ನಡೆಸಿದ ಉತ್ಖನನದ ಕಬ್ಬಿಣವನ್ನು ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಪರೀಕ್ಷಿಸಿದಾಗ ಅದರಲ್ಲಿ ಅಧಿಕ ಇಂಗಾಲದ ಉಕ್ಕು ಕಂಡಿತು. ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ವಸ್ತುಗಳವು. ಲೋಹವಿಜ್ಞಾನಿ ಮತ್ತು ಪುರಾತತ್ವಜ್ಞ ಒಂದೇ ಮೇಜಿಗೆ ಕೂತದ್ದರಿಂದ ಸಿಕ್ಕ ಫಲ ಇದು.

ಹಟ್ಟಿಯ ಚಿನ್ನದ ಗಣಿಯನ್ನು ಈ ಕಣ್ಣಿನಿಂದ ನೋಡಿ. ಇಂದಿನ ಗಣಿಯವರು ಇಳಿಯುವ ಮೊದಲೇ ಪ್ರಾಚೀನರು ಅಲ್ಲಿ 640 ಅಡಿಯವರೆಗೆ ಇಳಿದಿದ್ದರು. ಹಳೆಯ ಸುರಂಗಗಳ ಮರದ ಆಸರೆಗಳ ಕಾಲ ಸುಮಾರು 2000 ವರ್ಷದ ಹಿಂದಿನದು. ಬಂಡೆಗೆ ಬೆಂಕಿ ಹಾಕಿ ಕಾಸಿ ಬಿರಿಯಿಸುವ ವಿಧಾನ ಅವರಿಗೆ ತಿಳಿದಿತ್ತು. ಮಸ್ಕಿಯ ಅಲಗು ಸುಲಿದವರು ಬಲದಿಂದ ಓಡಿಸಿದ ಬಿರುಕನ್ನೇ ಇವರು ಶಾಖದಿಂದ ಓಡಿಸಿದರು. ಬಿರಿದ ಬಂಡೆಯನ್ನು ಕೀಳಲು, ಆ ಮರಗಳನ್ನು ಕಡಿಯಲು ಕಬ್ಬಿಣದ ಉಳಿ, ಕೊಡಲಿ ಬೇಕೇ ಬೇಕಿತ್ತು. ಬೆಣಚುಕಲ್ಲಿಗೆ ತಾಗಿದ ಉಳಿಯ ಮೊನೆ ಬೇಗ ಮಂಡಾಗುತ್ತದೆ. ಹೀಗಾಗಿ ಗಣಿಯ ಬಾಯಲ್ಲೇ ಕುಲುಮೆ ಉರಿಯುತ್ತಿರಬೇಕು. ಚಿನ್ನದ ಚರಿತ್ರೆ ಬರೆಯುವವರು ಆ ಕಮ್ಮಾರನಿಗೂ ಒಂದು ಅಧ್ಯಾಯ ಕೊಡಬೇಕೆಂಬುದು ನನ್ನ ಆಗ್ರಹ.

ಆಧುನಿಕ ಉಪಕರಣಗಳ ಬಗ್ಗೆ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಉಪಕರಣ ಒಂದು ಕ್ಷಣದಲ್ಲಿ ಧಾತುಗಳ ಪಟ್ಟಿ ಕೊಡುತ್ತದೆ, ಆದರೆ ಅದು ಓದುವುದು ಮೇಲ್ಮೈಯನ್ನು. ತುಕ್ಕು ಹಿಡಿದ ಕತ್ತಿಯ ಮೇಲ್ಮೈ ಲೋಹವಲ್ಲ, ಮಣ್ಣಿನೊಡನೆ ಬೆರೆತ ತುಕ್ಕು. ಉಕ್ಕಿನ ಮರ್ಮವಾದ ಇಂಗಾಲವನ್ನಂತೂ ಅದು ಕಾಣಲಾರದು. ಅಂಥ ಪಟ್ಟಿಯನ್ನು ಫಲಿತಾಂಶವೆಂದು ಅಚ್ಚು ಹಾಕುವುದು ತಪ್ಪು. ಕತ್ತಿಗೆ ನೋವಾಗದಂತೆ ಒಳಗನ್ನು ನೋಡಬೇಕಾದರೆ ನ್ಯೂಟ್ರಾನ್ ಕಿರಣಗಳಿವೆ. ಲಂಡನ್ನಿನ ವಾಲೇಸ್ ಸಂಗ್ರಹದ ತಜ್ಞರು ಇಟಲಿಯ ವಿಜ್ಞಾನಿಗಳೊಡನೆ ಕೂಡಿ ಭಾರತದ ಕತ್ತಿಗಳನ್ನು ಹಾಗೆ ಪರೀಕ್ಷಿಸಿದ್ದಾರೆ. 2006ರಲ್ಲಿ ಡ್ರೆಸ್ಡನ್ನಿನ ವಿಜ್ಞಾನಿಗಳು 17ನೇ ಶತಮಾನದ ಡಮಾಸ್ಕಸ್ ಕತ್ತಿಯೊಂದರಲ್ಲಿ ಇಂಗಾಲದ ನ್ಯಾನೊ ಕೊಳವೆ ಕಂಡೆವೆಂದು ಪ್ರಕಟಿಸಿದಾಗ, ಆ ಉಕ್ಕಿನ ಮೂಲ ಭಾರತವೆಂದುಕೊಂಡು, ನಮ್ಮ ಪೂರ್ವಜರಿಗೆ ನ್ಯಾನೊ ತಂತ್ರಜ್ಞಾನ ಗೊತ್ತಿತ್ತು ಎಂದು ಹಲವರು ಹಿಗ್ಗಿದರು. ಆ ಹಿಗ್ಗು ಕಮ್ಮಾರನಿಗೆ ಗೌರವ ತರುವುದಿಲ್ಲ. ಅವನಿಗೆ ಗೊತ್ತಿದ್ದದ್ದು ಯಾವ ಅದಿರು, ಮೂಸೆಯಲ್ಲಿ ಯಾವ ಸೊಪ್ಪು, ಎಷ್ಟು ಹೊತ್ತು ಬೆಂಕಿ, ಯಾವ ಬಣ್ಣಕ್ಕೆ ಬಂದಾಗ ಬಡಿತ ನಿಲ್ಲಿಸಬೇಕು ಎಂಬುದು. ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್‌ಫ್ರೆಡ್ ಪೆಂಡ್ರೇ ಕೂಡಿ ಆ ಉಕ್ಕನ್ನು ಮತ್ತೆ ಮಾಡಿ ತೋರಿಸಿದರು. ಅದಿರಿನಲ್ಲಿ ಅತ್ಯಲ್ಪವಾದರೂ ವನೇಡಿಯಂನಂಥ ಧಾತು ಇದ್ದರೆ ಮಾತ್ರ, ಮತ್ತೆ ಮತ್ತೆ ಕಾಸಿ ಬಡಿದಾಗ ಅಲೆಯಲೆಯ ಚಿತ್ತಾರ ಮೂಡುತ್ತದೆ ಎಂದು 1998ರಲ್ಲಿ ಬರೆದರು. ಎಂಜಿನಿಯರ್ ಮತ್ತು ಕಮ್ಮಾರ ಜೊತೆಗೂಡಿದ ಆ ಕೆಲಸವೇ ನನಗೆ ಮಾದರಿ.

ನಮ್ಮಲ್ಲಿ ಅಂಥ ಕಮ್ಮಾರರು ಇನ್ನೂ ಇದ್ದಾರೆ. ಮುಂಗಾರಿಗೆ ಮುಂಚೆ ಕುಂಟೆಯ ಕುಡ ಹಣಿಸಲು ರೈತರು ಹೋಗುವ ಕಮ್ಮಾರಸಾಲೆಗಳು ಕಡಿಮೆಯಾಗಿವೆ, ಮುಚ್ಚಿಲ್ಲ. ಕುಡಗೋಲಿಗೆ ಹದ ಕೊಡುವಾಗ ಕಮ್ಮಾರ ಉಕ್ಕಿನ ಮೇಲೆ ಓಡುವ ಬಣ್ಣ ನೋಡುತ್ತಾನೆ. ಹುಲ್ಲಿನ ಹಳದಿ ಬಂದರೆ 230 ಡಿಗ್ರಿಯ ಹತ್ತಿರ, ನೀಲಿ ಬಂದರೆ 300ರ ಹತ್ತಿರ. ಅವನ ಕಣ್ಣಿನ ಪಕ್ಕದಲ್ಲಿ ಉಷ್ಣತಾಮಾಪಕ ಇಟ್ಟು, ಅವನು ಮಾಡಿದ ಅಲಗಿನ ಗಡಸುತನ ಅಳೆದು, ಅವನ ಸಾಲೆಯ ನೆಲದಲ್ಲಿ ಬಿದ್ದ ಹೊಪ್ಪಳಿಕೆಗಳು ಹೇಗೆ ಹರಡಿವೆ ಎಂದು ನಕ್ಷೆ ಬರೆದರೆ, ಪ್ರಾಚೀನ ಕಮ್ಮಾರಸಾಲೆಯನ್ನು ಓದಲು ಬೇಕಾದ ಕೀಲಿಕೈ ನಮಗೆ ಇಲ್ಲೇ ಸಿಗುತ್ತದೆ. ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಕಾಣದು. ಅದಿರನ್ನು ಪರೀಕ್ಷಿಸುವ ಅನುಭವ ಹಟ್ಟಿಯಿಂದಾಗಿ ನಮ್ಮ ತಾಲ್ಲೂಕಿನಲ್ಲೇ ಇದೆ.

ಇದಕ್ಕೆಲ್ಲ ಕಸ ಇದ್ದ ಜಾಗದಲ್ಲೇ ಇರಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಯನ್ನು ಭತ್ತದ ಕಣಜವಾಗಿಸಿತು. ಅದು ಬದುಕು ಕೊಟ್ಟ ನೀರು, ಅದರ ವಿರುದ್ಧ ನನ್ನ ಮಾತಿಲ್ಲ. ಆದರೆ ಗದ್ದೆಗಾಗಿ ಯಂತ್ರ ಹಚ್ಚಿ ನೆಲ ಸಮ ಮಾಡುವಾಗ ಹಳೆಯ ದಿಬ್ಬಗಳು ಕರಗುತ್ತವೆ. ಗುಡ್ಡಗಳು ಜಲ್ಲಿಯಾಗುವಾಗ ಕೊಡಲಿ ಉಜ್ಜಿದ ಬಂಡೆಗಳೂ ಜಲ್ಲಿಯಾಗುತ್ತವೆ. ಚಕ್ಕೆಗಳನ್ನು ಚೀಲ ತುಂಬಿ ತಂದು ಶಾಲೆಯ ಕಪಾಟಿನಲ್ಲಿ ಇಡುವ ಉತ್ಸಾಹವೂ, ಒಳ್ಳೆಯ ಮನಸ್ಸಿನದಾದರೂ, ಅಷ್ಟೇ ನಷ್ಟ ಮಾಡುತ್ತದೆ. ಯಾವ ಚಕ್ಕೆ ಯಾವುದರ ಪಕ್ಕ ಬಿದ್ದಿತ್ತು ಎಂಬುದೇ ನಮಗೆ ಬೇಕಾದ ಮಾಹಿತಿ.

ಹಾಗಾಗಿ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟು. ಮಕ್ಕಳು ಹೊಲದಲ್ಲಿ ಏಣಿರುವ ಕಲ್ಲಿನ ಚೂರನ್ನೋ ಕಿಟ್ಟದ ಗಡ್ಡೆಯನ್ನೋ ಕಂಡರೆ ಎತ್ತಿಕೊಳ್ಳುವುದು ಬೇಡ. ಅಳತೆಗೆ ಒಂದು ಸ್ಕೇಲು ಪಕ್ಕದಲ್ಲಿಟ್ಟು, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಮೊಬೈಲಿನಿಂದ ನಾಲ್ಕೂ ಕಡೆಯ ಫೋಟೊ ತೆಗೆಯಲಿ. ಸ್ಥಳದ ಅಕ್ಷಾಂಶ ರೇಖಾಂಶ ಬರೆದುಕೊಳ್ಳಲಿ. ಸರ್ವೆ ನಂಬರು, ಹೊಲದ ಹೆಸರು, ಹತ್ತಿರದ ಹಳ್ಳ ಯಾವುದು ಎಂಬುದನ್ನೂ ಸೇರಿಸಿ ಪುರಾತತ್ವ ಇಲಾಖೆಗೆ ತಿಳಿಸಲಿ. ಒಂದೊಂದು ಶಾಲೆಯಲ್ಲಿ ಇದಕ್ಕೆಂದೇ ಒಂದು ದಪ್ಪ ರಿಜಿಸ್ಟರು ಇರಲಿ, ಅದನ್ನು ಬರೆಯುವ ಕೆಲಸ ಈ ಬೇಸಿಗೆಯ ಒಣಹೊಲಗಳಿಂದಲೇ ಶುರುವಾಗಲಿ.